ಮಂಗಳ ಗ್ರಹದಲ್ಲಿ ಮಾನವ ನೆಲೆ: ಡಾ. ಅಬ್ದುಲ್ ಕಲಾಂ ಅವರ ಪ್ರತಿಪಾದನೆ

ಭೂಮಿಯ ಹೊರಗೆ ಬೇರೊಂದು ಗ್ರಹದಲ್ಲಿ ಮಾನವನು ನೆಲೆಸಬಲ್ಲನೇ ಎಂಬ ಪ್ರಶ್ನೆ ಬಹುಕಾಲ ಕಥೆಗಾರರ ಕಲ್ಪನೆಗೆ ಸೇರಿದ್ದಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಇಂಜಿನಿಯರುಗಳ ಲೆಕ್ಕಾಚಾರದ ವಿಷಯವಾಯಿತು. ಭಾರತದಲ್ಲಿ ಈ ವಿಚಾರವನ್ನು ಗಂಭೀರವಾಗಿ ಜನತೆಯ ಮುಂದಿಟ್ಟವರಲ್ಲಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಪ್ರಮುಖರು. ರಾಷ್ಟ್ರಪತಿಯಾಗಿದ್ದಾಗಲೂ ಆ ಪದವಿಯಿಂದ ನಿವೃತ್ತರಾದ ಮೇಲೂ ಅವರು ವಿದ್ಯಾರ್ಥಿಗಳ ಸಭೆಗಳಲ್ಲಿ ಮತ್ತು ವಿಜ್ಞಾನ ಸಮ್ಮೇಳನಗಳಲ್ಲಿ ಭೂಮಿ, ಚಂದ್ರ, ಮಂಗಳ ಮೂರನ್ನೂ ಒಟ್ಟಿಗೆ ಕಾಣುವ ದೃಷ್ಟಿಯೊಂದನ್ನು ಪದೇ ಪದೇ ನಿರೂಪಿಸಿದರು.

ಕುಡಿಯುವ ನೀರು, ವಿದ್ಯುತ್ತು, ಆರೋಗ್ಯ ಮುಂತಾದ ಮೂಲಭೂತ ಅಗತ್ಯಗಳಿಗಾಗಿಯೇ ಶ್ರಮಿಸುತ್ತಿರುವ ದೇಶವೊಂದು ಕೋಟ್ಯಂತರ ಕಿಲೋಮೀಟರ್ ದೂರದ ಗ್ರಹದ ಬಗ್ಗೆ ಯೋಚಿಸುವುದು ಉಚಿತವೇ ಎಂಬ ಸಂದೇಹ ಸಹಜವಾದುದು. ಈ ಸಂದೇಹಕ್ಕೆ ಕಲಾಂ ಅವರ ವೃತ್ತಿಜೀವನದಲ್ಲಿಯೇ ಉತ್ತರವನ್ನು ಹುಡುಕಬಹುದಾಗಿದೆ.

ಬೆಂಗಳೂರಿನಿಂದ ತುಂಬಾಕ್ಕೆ

ಕಲಾಂ ಅವರು 1931ರ ಅಕ್ಟೋಬರ್ 15ರಂದು ರಾಮೇಶ್ವರದಲ್ಲಿ ಜನಿಸಿದರು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಅಭ್ಯಸಿಸಿ, ಅನಂತರ ಮದರಾಸಿನ ತಂತ್ರಜ್ಞಾನ ಸಂಸ್ಥೆಯಲ್ಲಿ ವಿಮಾನ ಇಂಜಿನಿಯರಿಂಗ್ ಶಿಕ್ಷಣವನ್ನು ಪೂರೈಸಿದರು. ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಅವರಿಗೆ ತರಬೇತಿ ದೊರೆಯಿತು. ವಾಯುಪಡೆಯ ವಿಮಾನ ಚಾಲಕನಾಗಬೇಕೆಂಬ ಅವರ ಆಸೆ ಈಡೇರಲಿಲ್ಲ. ಎಂಟು ಸ್ಥಾನಗಳಿದ್ದ ಆಯ್ಕೆಯಲ್ಲಿ ಅವರು ಒಂಬತ್ತನೆಯವರಾದರು. ರಕ್ಷಣಾ ಇಲಾಖೆಯ ಸೇವೆಗೆ ಸೇರಿದ ಅವರು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ ‘ನಂದಿ’ ಎಂಬ ಹೋವರ್‌ಕ್ರಾಫ್ಟನ್ನು ರೂಪಿಸಿದರು. ನೆಲದಿಂದ ತುಸು ಮೇಲೆ, ಗಾಳಿಯ ಮೆತ್ತೆಯ ಮೇಲೆ ತೇಲಿ ಸಾಗುವ ವಾಹನವದು.

1960ರ ದಶಕದ ಆರಂಭದಲ್ಲಿ ಡಾ. ವಿಕ್ರಂ ಸಾರಾಭಾಯಿಯವರ ನೇತೃತ್ವದಲ್ಲಿ ಭಾರತದ ಬಾಹ್ಯಾಕಾಶ ಕಾರ್ಯಕ್ರಮವು ಮೊದಲ ಹೆಜ್ಜೆಗಳನ್ನಿಡುತ್ತಿದ್ದಾಗ ಕಲಾಂ ಅದರಲ್ಲಿ ಸೇರಿದರು. 1963ರ ನವೆಂಬರ್ 21ರಂದು ತಿರುವನಂತಪುರದ ಬಳಿಯ ತುಂಬಾದಿಂದ ಭಾರತದ ನೆಲದ ಮೊದಲ ಶೋಧಕ ರಾಕೆಟ್ ಮೇಲೇರಿತು. ಬಾಹ್ಯಾಕಾಶ ತಂತ್ರಜ್ಞಾನವು ದೇಶದ ಪ್ರತಿಷ್ಠೆಗಿಂತ ಹೆಚ್ಚಾಗಿ ಸಾಮಾನ್ಯ ಜನರ ಉಪಯೋಗಕ್ಕೆ ಒದಗಬೇಕೆಂಬುದು ಸಾರಾಭಾಯಿಯವರ ನಿಲುವಾಗಿತ್ತು. ಈ ನಿಲುವೇ ಮುಂದೆ ಕಲಾಂ ಅವರ ಚಿಂತನೆಗೂ ಆಧಾರವಾಯಿತು.

ತೂಕದ ಪಾಠ

ಭಾರತದ ಮೊದಲ ಉಪಗ್ರಹ ವಾಹಕವಾದ ಎಸ್.ಎಲ್.ವಿ.-3 ಯೋಜನೆಗೆ ಕಲಾಂ ನಿರ್ದೇಶಕರಾದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ನಡೆದ ಮೊದಲ ಪ್ರಯತ್ನ ವಿಫಲವಾಗಿ ರಾಕೆಟ್ ಬಂಗಾಳ ಕೊಲ್ಲಿಯಲ್ಲಿ ಬಿದ್ದಿತು. ಆ ಸೋಲಿನ ಹೊಣೆಯನ್ನು ಬಾಹ್ಯಾಕಾಶ ಸಂಸ್ಥೆಯ ಅಂದಿನ ಅಧ್ಯಕ್ಷ ಪ್ರೊ. ಸತೀಶ್ ಧವನ್ ಪತ್ರಕರ್ತರ ಮುಂದೆ ತಾವೇ ಹೊತ್ತುಕೊಂಡರು. ಮರುವರ್ಷ, 1980ರ ಜುಲೈ 18ರಂದು, ಅದೇ ಬಗೆಯ ವಾಹಕವು ‘ರೋಹಿಣಿ’ ಉಪಗ್ರಹವನ್ನು ಯಶಸ್ವಿಯಾಗಿ ಕಕ್ಷೆಗೆ ಸೇರಿಸಿತು.

ಈ ಸಾಧನೆಯ ಹಿಂದಿರುವ ಅಂಕಿಗಳು ಗಮನಾರ್ಹವಾಗಿವೆ. ಎಸ್.ಎಲ್.ವಿ.-3 ರಾಕೆಟಿನ ಎತ್ತರ 22 ಮೀಟರ್, ತೂಕ 17 ಟನ್. ಅದು ಹೊತ್ತೊಯ್ದ ರೋಹಿಣಿಯ ತೂಕ ಕೇವಲ 35 ಕಿಲೋಗ್ರಾಂ. ಅಂದರೆ ಒಂದು ಕಿಲೋಗ್ರಾಂ ವಸ್ತುವನ್ನು ಕಕ್ಷೆಗೆ ಒಯ್ಯಲು ಸುಮಾರು 485 ಕಿಲೋಗ್ರಾಂ ತೂಕದ ವಾಹನ ಬೇಕಾಯಿತು. ಆ ತೂಕದ ಬಹುಪಾಲು ಇಂಧನವೇ ಆಗಿದ್ದು, ಕೆಲವೇ ನಿಮಿಷಗಳಲ್ಲಿ ಉರಿದುಹೋಗುತ್ತದೆ. ಉಳಿದ ಕವಚವು ಸಮುದ್ರದ ಪಾಲಾಗುತ್ತದೆ. ಬಾಹ್ಯಾಕಾಶ ಪಯಣದ ಮೂಲ ತೊಡಕು ಇರುವುದು ಇಲ್ಲಿಯೇ. ದೊಡ್ಡ ವಾಹಕಗಳಲ್ಲಿ ಈ ಪ್ರಮಾಣವು ಸುಧಾರಿಸುತ್ತದೆಯಾದರೂ ಹೊರುವ ಸರಕು ಒಟ್ಟು ತೂಕದ ನೂರಕ್ಕೆ ಕೆಲವೇ ಪಾಲನ್ನು ಮೀರುವುದಿಲ್ಲ. ಮುಂದೆ ಬಾಹ್ಯಾಕಾಶದ ಕುರಿತು ಮಾತನಾಡುವಾಗ ಕಲಾಂ ಕಿಲೋಗ್ರಾಂ ಒಂದಕ್ಕೆ ತಗಲುವ ವೆಚ್ಚವನ್ನು ಪ್ರಸ್ತಾಪಿಸುತ್ತಿದ್ದರು.

ಹೈದರಾಬಾದಿನ ದಶಕ

1982ರಲ್ಲಿ ಕಲಾಂ ಅವರು ಹೈದರಾಬಾದಿನ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಪ್ರಯೋಗಾಲಯದ ನಿರ್ದೇಶಕರಾಗಿ ಬಂದರು. ಮುಂದಿನ ಹತ್ತು ವರ್ಷಗಳು ಅವರ ಕಾರ್ಯಕ್ಷೇತ್ರ ಈ ನಗರವೇ ಆಗಿತ್ತು. ಅದೇ ಅವಧಿಯಲ್ಲಿ ಹೈದರಾಬಾದು ಬಾಹ್ಯಾಕಾಶದೊಂದಿಗೆ ಬೇರೆ ಬಗೆಯ ನಂಟುಗಳನ್ನೂ ಪಡೆಯಿತು. 1984ರ ಏಪ್ರಿಲ್ 3ರಂದು ಸೋವಿಯತ್ ನೌಕೆಯಲ್ಲಿ ಅಂತರಿಕ್ಷಕ್ಕೇರಿದ ಪ್ರಥಮ ಭಾರತೀಯ ರಾಕೇಶ್ ಶರ್ಮಾ, ಹಿಮಾಯತ್‌ನಗರದ ನೆರೆಯ ಬಶೀರ್‌ಬಾಗಿನಲ್ಲಿರುವ ನಿಜಾಂ ಕಾಲೇಜಿನಲ್ಲಿ ಓದಿದವರು. 1985ರಲ್ಲಿ ನೌಬತ್ ಪಹಾಡ್ ಬೆಟ್ಟದ ಮೇಲೆ ಬಿರ್ಲಾ ತಾರಾಲಯವು ಆರಂಭವಾಗಿ, ಗ್ರಹಗಳ ಚಲನೆಯನ್ನು ನಗರದ ಮಕ್ಕಳ ಕಣ್ಣಿಗೆ ಕಾಣುವಂತೆ ಮಾಡಿತು.

ಪೃಥ್ವಿ, ಅಗ್ನಿ, ತ್ರಿಶೂಲ್, ಆಕಾಶ್, ನಾಗ್ ಎಂಬ ಐದು ಕ್ಷಿಪಣಿಗಳನ್ನು ಒಳಗೊಂಡ ಸಮಗ್ರ ಕಾರ್ಯಕ್ರಮವು 1983ರಲ್ಲಿ ಕಲಾಂ ಅವರ ನೇತೃತ್ವದಲ್ಲಿ ಪ್ರಾರಂಭವಾಯಿತು. ಅಗ್ನಿ ಕ್ಷಿಪಣಿಯು ಮೇಲಕ್ಕೆ ಹೋಗಿ ಮತ್ತೆ ವಾಯುಮಂಡಲವನ್ನು ಪ್ರವೇಶಿಸುವಾಗ ಅದರ ಮೂತಿಯು ಅತ್ಯುಗ್ರ ತಾಪವನ್ನು ತಡೆದುಕೊಳ್ಳಬೇಕು. ಇದಕ್ಕಾಗಿ ಇಂಗಾಲದ ನಾರುಗಳಿಂದ ಮಾಡಿದ, ಹಗುರವಾದರೂ ಬಲಿಷ್ಠವಾದ ಸಂಯುಕ್ತ ವಸ್ತುಗಳನ್ನು ದೇಶದಲ್ಲಿಯೇ ಸಿದ್ಧಪಡಿಸಲಾಯಿತು. 1989ರ ಮೇ 22ರಂದು ಅಗ್ನಿಯ ಮೊದಲ ಹಾರಾಟ ಯಶಸ್ವಿಯಾಯಿತು.

ಈ ಹಗುರ ವಸ್ತುವಿನ ಇನ್ನೊಂದು ಉಪಯೋಗವನ್ನು ಕಲಾಂ ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಸ್ಮರಿಸುತ್ತಿದ್ದರು. ಹೈದರಾಬಾದಿನ ನಿಜಾಂ ವೈದ್ಯವಿಜ್ಞಾನ ಸಂಸ್ಥೆಯ ಮೂಳೆ ತಜ್ಞರೊಬ್ಬರು ಪ್ರಯೋಗಾಲಯಕ್ಕೆ ಬಂದಾಗ ಆ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿ, ಅದರ ಹಗುರತನಕ್ಕೆ ಬೆರಗಾದರು. ಅನಂತರ ಅವರು ಕಲಾಂ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಕಾಲಿನ ಬಲ ಕಳೆದುಕೊಂಡ ಮಕ್ಕಳು ಮೂರು ಕಿಲೋಗ್ರಾಂಗೂ ಮೀರಿದ ಲೋಹದ ಆಧಾರ ಪಟ್ಟಿಗಳನ್ನು ಧರಿಸಿ ಕಾಲೆಳೆಯುತ್ತ ನಡೆಯುತ್ತಿದ್ದರು. ಕ್ಷಿಪಣಿಯ ವಸ್ತುವಿನಿಂದಲೇ ಕೆಲವು ವಾರಗಳಲ್ಲಿ ಸುಮಾರು 300 ಗ್ರಾಂ ತೂಕದ ಪಟ್ಟಿಗಳು ಸಿದ್ಧವಾದವು. ಮಕ್ಕಳು ಓಡಾಡತೊಡಗಿದರು. ಅಂತರಿಕ್ಷಕ್ಕಾಗಿ ತೂಕವನ್ನು ಇಳಿಸುವ ವಿದ್ಯೆಯು ನೆಲದ ಮೇಲಿನ ಮಗುವಿನ ಹೊರೆಯನ್ನೂ ಇಳಿಸಿತು. ಅತಿದೂರದ ಗುರಿ ಮತ್ತು ಅತಿಸಮೀಪದ ಅಗತ್ಯ ಪರಸ್ಪರ ವಿರುದ್ಧವಲ್ಲವೆಂಬ ಕಲಾಂ ಅವರ ನಂಬಿಕೆಗೆ ಇದೊಂದು ಪ್ರತ್ಯಕ್ಷ ನಿದರ್ಶನವಾಗಿತ್ತು.

ಭೂಮಿ, ಚಂದ್ರ, ಮಂಗಳ

2002ರ ಜುಲೈನಿಂದ 2007ರ ಜುಲೈವರೆಗೆ ಕಲಾಂ ರಾಷ್ಟ್ರಪತಿಯಾಗಿದ್ದರು. ಆ ಅವಧಿಯಲ್ಲಿಯೂ ಅನಂತರವೂ ಅವರು ಮುಂದಿಟ್ಟ ವಿಚಾರದ ಸಾರ ಹೀಗಿದೆ: ಈ ಶತಮಾನದ ಮಧ್ಯಭಾಗದ ವೇಳೆಗೆ ಭೂಮಿ, ಚಂದ್ರ ಮತ್ತು ಮಂಗಳ ಇವು ಮಾನವಕುಲದ ಒಂದೇ ಆರ್ಥಿಕ ವಲಯವಾಗಿ ಬೆಳೆಯಬಲ್ಲವು, ಚಂದ್ರನು ಮುಂದಿನ ಪಯಣಗಳಿಗೆ ತಂಗುದಾಣವಾಗಬಲ್ಲನು, ಮಂಗಳನು ಮಾನವನ ಮುಂದಿನ ನೆಲೆಯಾಗಬಲ್ಲನು, ಈ ಕಾರ್ಯವು ಯಾವುದೇ ಒಂದು ದೇಶದಿಂದ ಸಾಧ್ಯವಲ್ಲವಾದುದರಿಂದ ರಾಷ್ಟ್ರಗಳು ಒಗ್ಗೂಡಬೇಕು. 2050ನ್ನು ಗಡುವಾಗಿಟ್ಟುಕೊಂಡ ವಿಶ್ವ ಬಾಹ್ಯಾಕಾಶ ದರ್ಶನವನ್ನು ಅವರು ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಮಂಡಿಸಿದರು.

ಭೂಮಿಯಾಚೆಯ ಮಾನವ ವಸತಿಯನ್ನು ತನ್ನ ಧ್ಯೇಯವಾಗಿರಿಸಿಕೊಂಡಿರುವ ಅಮೆರಿಕದ ನ್ಯಾಷನಲ್ ಸ್ಪೇಸ್ ಸೊಸೈಟಿಯು ಅವರೊಂದಿಗೆ ಕೈಜೋಡಿಸಿತು. ಅಂತರಿಕ್ಷದಲ್ಲಿ ಸೌರಶಕ್ತಿಯನ್ನು ಸಂಗ್ರಹಿಸಿ ಭೂಮಿಗೆ ಕಳುಹಿಸುವ ಕುರಿತ ಜಂಟಿ ಉಪಕ್ರಮವನ್ನು 2010ರ ನವೆಂಬರಿನಲ್ಲಿ ಘೋಷಿಸಲಾಯಿತು. 2013ರಲ್ಲಿ ಆ ಸಂಸ್ಥೆಯು ತನ್ನ ವಾನ್ ಬ್ರೌನ್ ಸ್ಮಾರಕ ಪ್ರಶಸ್ತಿಯನ್ನು ಕಲಾಂ ಅವರಿಗೆ ನೀಡಿತು.

ಮಂಗಳನೇ ಏಕೆ?

ಸೌರಮಂಡಲದಲ್ಲಿ ಭೂಮಿಯನ್ನು ಬಿಟ್ಟರೆ ಮಾನವನ ವಾಸಕ್ಕೆ ಅತ್ಯಂತ ಕಡಿಮೆ ಪ್ರತಿಕೂಲವಾದ ಗ್ರಹ ಮಂಗಳ. ಅಲ್ಲಿಯ ಒಂದು ದಿನ ನಮ್ಮ ದಿನಕ್ಕಿಂತ ಸುಮಾರು 40 ನಿಮಿಷ ಮಾತ್ರ ದೀರ್ಘ. ಅದರ ವರ್ಷವು ನಮ್ಮ 687 ದಿನಗಳಿಗೆ ಸಮ. ಋತುಗಳೂ ಉಂಟು. ಧ್ರುವಗಳಲ್ಲಿ ಮಾತ್ರವಲ್ಲದೆ ನೆಲದಡಿಯಲ್ಲಿಯೂ ನೀರು ಮಂಜುಗಡ್ಡೆಯ ರೂಪದಲ್ಲಿದೆ. 2008ರಲ್ಲಿ ಅಲ್ಲಿಗೆ ಇಳಿದ ಫೀನಿಕ್ಸ್ ನೌಕೆಯು ಇದನ್ನು ನೆಲ ಕೆದಕಿ ಖಚಿತಪಡಿಸಿತು.

ಆದರೆ ಕಷ್ಟಗಳು ಅಲ್ಪವಲ್ಲ. ಮಂಗಳನ ವಾಯುವಿನ ಒತ್ತಡ ಭೂಮಿಯ ಒತ್ತಡದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದರಲ್ಲಿ ಶೇಕಡ 95ರಷ್ಟು ಇಂಗಾಲದ ಡೈ ಆಕ್ಸೈಡ್. ಸರಾಸರಿ ಉಷ್ಣತೆ ಶೂನ್ಯಕ್ಕಿಂತ ಸುಮಾರು 60 ಡಿಗ್ರಿ ಸೆಲ್ಸಿಯಸ್ ಕೆಳಗೆ. ಗುರುತ್ವವು ಭೂಮಿಯದರ ಶೇಕಡ 38ರಷ್ಟು ಮಾತ್ರ. ವಿಕಿರಣವನ್ನು ತಡೆಯಲು ಭೂಮಿಗಿರುವಂತಹ ಕಾಂತಕ್ಷೇತ್ರದ ರಕ್ಷಣೆಯೂ ಅಲ್ಲಿಲ್ಲ. ಮಣ್ಣಿನಲ್ಲಿ ದೇಹಕ್ಕೆ ಹಾನಿಕರವಾದ ಪರ್ಕ್ಲೋರೇಟ್ ಲವಣಗಳಿವೆ. ಪಯಣಕ್ಕೆ ಅನುಕೂಲವಾದ ಕಾಲ ಸುಮಾರು 26 ತಿಂಗಳಿಗೊಮ್ಮೆ ಒದಗುತ್ತದೆ. ಆದುದರಿಂದ ಅಲ್ಲಿಗೆ ಹೋದವರಿಗೆ ತುರ್ತು ನೆರವು ಬೇಕಾದರೂ ಕೂಡಲೇ ಕಳುಹಿಸಲು ಸಾಧ್ಯವಾಗದು. ಇವೆಲ್ಲವನ್ನೂ ಗಮನಿಸಿದರೆ, ಮಂಗಳನಲ್ಲಿ ನೆಲೆಸುವುದೆಂದರೆ ಮುಚ್ಚಿದ ಆವರಣದಲ್ಲಿ ಗಾಳಿ, ನೀರು, ಆಹಾರ, ಶಾಖ ಎಲ್ಲವನ್ನೂ ನಿರ್ಮಿಸಿಕೊಂಡು ಬದುಕುವುದೆಂದು ತಿಳಿಯುತ್ತದೆ.

ಮೊದಲ ಅಗತ್ಯ: ಅಗ್ಗದ ಸಾಗಣೆ

ಇಂತಹ ನೆಲೆಗೆ ನೂರಾರು ಟನ್ ಸಾಮಗ್ರಿ ಬೇಕು. ಭೂಕಕ್ಷೆಗೆ ಒಂದು ಕಿಲೋಗ್ರಾಂ ಒಯ್ಯಲು ಆಗ ತಗಲುತ್ತಿದ್ದ ಸುಮಾರು 20,000 ಡಾಲರ್ ವೆಚ್ಚವನ್ನು ಮೊದಲು 2,000 ಡಾಲರಿಗೆ, ಅನಂತರ 200 ಡಾಲರಿಗೆ ಇಳಿಸಬೇಕೆಂದು ಕಲಾಂ ಪ್ರತಿಪಾದಿಸಿದರು. ಇದಕ್ಕೆ ಅವರು ಸೂಚಿಸಿದ ಮಾರ್ಗ ಮತ್ತೆ ಮತ್ತೆ ಬಳಸಬಹುದಾದ ವಾಹನ.

ದ್ರವ ಜಲಜನಕ ಮತ್ತು ದ್ರವ ಆಮ್ಲಜನಕಗಳನ್ನು ಬಳಸುವ ರಾಕೆಟಿನಲ್ಲಿ ಆಮ್ಲಜನಕದ ತೂಕವೇ ಜಲಜನಕದ ಐದಾರು ಪಟ್ಟು ಇರುತ್ತದೆ. ವಿಮಾನದಂತೆ ಮೇಲೇರುವ ವಾಹನವು ದಾರಿಯಲ್ಲಿ ಸಿಗುವ ಗಾಳಿಯಿಂದಲೇ ಆಮ್ಲಜನಕವನ್ನು ಸಂಗ್ರಹಿಸಿಕೊಂಡರೆ ನೆಲದಿಂದ ಹೊರಡುವಾಗಿನ ಹೊರೆ ಬಹಳ ತಗ್ಗುತ್ತದೆ. ಈ ತತ್ತ್ವವನ್ನು ಆಧರಿಸಿದ ‘ಅವತಾರ್’ ಎಂಬ ಪರಿಕಲ್ಪನೆಯನ್ನು 1998ರಲ್ಲಿ ಬೆಂಗಳೂರಿನ ವೈಮಾನಿಕ ಪ್ರದರ್ಶನದ ಸಂದರ್ಭದಲ್ಲಿ ಏರ್ ಕಮೋಡೋರ್ ಗೋಪಾಲಸ್ವಾಮಿ ಪ್ರಕಟಪಡಿಸಿದರು. ಕಲಾಂ ಅದರ ಪ್ರಬಲ ಬೆಂಬಲಿಗರಾಗಿದ್ದರು. ಆ ವಾಹನ ನಿರ್ಮಾಣವಾಗಲಿಲ್ಲ. ಆದರೆ ಮರುಬಳಕೆಯ ಗುರಿಯನ್ನು ದೇಶವು ಕೈಬಿಡಲಿಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ರೆಕ್ಕೆಗಳುಳ್ಳ ಮಾದರಿ ವಾಹನವನ್ನು 2016ರ ಮೇ 23ರಂದು ಹಾರಿಸಿ ಪರೀಕ್ಷಿಸಿತು. 2023ರ ಏಪ್ರಿಲ್ 2ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ, ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡಲಾದ ಮಾದರಿಯು ಚಾಲಕನಿಲ್ಲದೆಯೇ ಓಡುದಾರಿಗೆ ಬಂದಿಳಿಯಿತು. 2024ರಲ್ಲಿಯೂ ಅಲ್ಲಿಯೇ ಇನ್ನೆರಡು ಬಾರಿ ಇಂತಹ ಪರೀಕ್ಷೆಗಳು ಯಶಸ್ವಿಯಾದವು.

ಎರಡನೆಯ ಅಗತ್ಯ: ಸ್ಥಳೀಯ ಸಂಪನ್ಮೂಲ

ಸಾಗಣೆ ಎಷ್ಟೇ ಅಗ್ಗವಾದರೂ ಎಲ್ಲವನ್ನೂ ಭೂಮಿಯಿಂದ ಹೊತ್ತೊಯ್ಯುವುದು ಅಸಾಧ್ಯ. ಈ ವಿಷಯದಲ್ಲಿ ಅಮೆರಿಕದ ಇಂಜಿನಿಯರ್ ರಾಬರ್ಟ್ ಜುಬ್ರಿನ್ ಅವರ ಕೊಡುಗೆ ಮುಖ್ಯವಾದುದು. 1952ರಲ್ಲಿ ಜನಿಸಿದ ಅವರು ಕೆಲಕಾಲ ಶಾಲೆಯಲ್ಲಿ ವಿಜ್ಞಾನ ಬೋಧಿಸಿ, ಅನಂತರ ಬಾಹ್ಯಾಕಾಶ ತಂತ್ರಜ್ಞಾನ ಮತ್ತು ಪರಮಾಣು ಇಂಜಿನಿಯರಿಂಗನ್ನು ಅಭ್ಯಸಿಸಿ ಮಾರ್ಟಿನ್ ಮಾರಿಯೆಟ್ಟಾ ಕಂಪನಿಯನ್ನು ಸೇರಿದರು. 1989ರಲ್ಲಿ ಅಮೆರಿಕ ಸರ್ಕಾರವು ಮಂಗಳಕ್ಕೆ ಮಾನವನನ್ನು ಕಳುಹಿಸುವ ಆಶಯವನ್ನು ಪ್ರಕಟಿಸಿದಾಗ ಅದರ ಅಂದಾಜು ವೆಚ್ಚ 45,000 ಕೋಟಿ ಡಾಲರ್ ಎಂದು ಕಂಡುಬಂದು ಯೋಜನೆ ಮೂಲೆಗೆ ಸರಿಯಿತು. ಮರುವರ್ಷ ಜುಬ್ರಿನ್ ಮತ್ತು ಡೇವಿಡ್ ಬೇಕರ್ ಬೇರೊಂದು ಯೋಜನೆಯನ್ನು ಮುಂದಿಟ್ಟರು. ಮರಳಿ ಬರುವ ನೌಕೆಯನ್ನು ಖಾಲಿ ತೊಟ್ಟಿಗಳೊಂದಿಗೆ ಮುಂಚಿತವಾಗಿಯೇ ಕಳುಹಿಸಬೇಕು. ಅದು ತನ್ನೊಡನೆ ಒಯ್ದ 6 ಟನ್ ಜಲಜನಕವನ್ನು ಮಂಗಳನ ಗಾಳಿಯೊಂದಿಗೆ ಸೇರಿಸಿ 108 ಟನ್ ಮೀಥೇನ್ ಮತ್ತು ಆಮ್ಲಜನಕವನ್ನು ತಯಾರಿಸಬೇಕು. ಹಿಂದಿರುಗುವ ಇಂಧನ ಸಿದ್ಧವಾದ ಮೇಲೆಯೇ ನಾಲ್ವರು ಯಾತ್ರಿಕರು ಭೂಮಿಯಿಂದ ಹೊರಡಬೇಕು. ಇದು ಯೋಜನೆಯ ತಿರುಳು. 1998ರಲ್ಲಿ ಅವರು ಮಾರ್ಸ್ ಸೊಸೈಟಿಯನ್ನು ಸ್ಥಾಪಿಸಿ, ಮಂಗಳನ ಬದುಕನ್ನು ಹೋಲುವ ತರಬೇತಿ ಕೇಂದ್ರಗಳನ್ನು ಆರ್ಕ್ಟಿಕ್ ಪ್ರದೇಶದ ಡೆವನ್ ದ್ವೀಪದಲ್ಲಿಯೂ ಯೂಟಾ ಮರುಭೂಮಿಯಲ್ಲಿಯೂ ಏರ್ಪಡಿಸಿದರು.

ಜುಬ್ರಿನ್ ಆಶಿಸಿದಂತೆ ಕಳೆದ ಶತಮಾನ ಮುಗಿಯುವ ಮುನ್ನ ಮಾನವನು ಮಂಗಳವನ್ನು ಮುಟ್ಟಲಿಲ್ಲ. ಆದರೆ ಅವರ ಮೂಲ ತತ್ತ್ವವು ಸಣ್ಣ ಪ್ರಮಾಣದಲ್ಲಿ ಸಿದ್ಧವಾಗಿದೆ. 2021ರಲ್ಲಿ ಮಂಗಳಕ್ಕಿಳಿದ ಪರ್ಸಿವರೆನ್ಸ್ ವಾಹನದಲ್ಲಿದ್ದ ಮಾಕ್ಸಿ ಎಂಬ ಉಪಕರಣವು ಅಲ್ಲಿಯ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿತು. 2023ರವರೆಗೆ 16 ಬಾರಿ ನಡೆದ ಪ್ರಯೋಗಗಳಲ್ಲಿ ದೊರೆತದ್ದು ಒಟ್ಟು 122 ಗ್ರಾಂ. ಗಂಟೆಗೆ 12 ಗ್ರಾಂ ಅದರ ಅತ್ಯಧಿಕ ಗತಿ. ಅದೇ ಗತಿಯಲ್ಲಿ ಹಗಲಿರುಳು ನಡೆದರೂ ಒಬ್ಬ ಮನುಷ್ಯನ ಉಸಿರಾಟಕ್ಕೆ ಬೇಕಾದುದರ ಮೂರನೆಯ ಒಂದು ಭಾಗ ಮಾತ್ರ ಅದರಿಂದ ದೊರೆಯುತ್ತದೆ. ಮಾರ್ಗ ಸರಿಯಾದುದೆಂಬುದು ಖಚಿತವಾಗಿದೆ. ಆದರೆ ಸಾಗಬೇಕಾದ ದೂರ ಇನ್ನೂ ಬಹಳವಿದೆ.

ಮಂಗಳಯಾನದ ಪಾಠ

ಭಾರತದ ಮಂಗಳಯಾನವು 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟು, 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆಯನ್ನು ಸೇರಿತು. ಮೊದಲ ಪ್ರಯತ್ನದಲ್ಲಿಯೇ ಇದನ್ನು ಸಾಧಿಸಿದ ಮೊದಲ ರಾಷ್ಟ್ರ ಭಾರತ. ಯೋಜನೆಯ ವೆಚ್ಚ 450 ಕೋಟಿ ರೂಪಾಯಿ. ಅದರ ವೈಜ್ಞಾನಿಕ ಉಪಕರಣಗಳ ಆಯ್ಕೆಯು ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಜನಿಸಿದ ಹಿರಿಯ ವಿಜ್ಞಾನಿ ಪ್ರೊ. ಯು.ಆರ್. ರಾವ್ ಅವರ ಅಧ್ಯಕ್ಷತೆಯ ಸಮಿತಿಯ ಮೂಲಕ ನಡೆಯಿತು. ನೌಕೆಯೊಂದಿಗೆ ಸಂಪರ್ಕವನ್ನು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ದೊಡ್ಡ ಆಂಟೆನಾಗಳು ನಿರ್ವಹಿಸಿದವು. ಆರು ತಿಂಗಳ ಆಯುಷ್ಯಕ್ಕಾಗಿ ನಿರ್ಮಿಸಲಾದ ನೌಕೆ 2022ರವರೆಗೂ ಕೆಲಸ ಮಾಡಿತು.

ಇಲ್ಲಿಯೂ ತೂಕದ ಲೆಕ್ಕ ಗಮನಿಸತಕ್ಕದ್ದು. ಉಡಾವಣಾ ವಾಹಕದ ತೂಕ 320 ಟನ್. ಅದು ಹೊತ್ತ ನೌಕೆ 1,337 ಕಿಲೋಗ್ರಾಂ. ನೌಕೆಯಲ್ಲಿ 852 ಕಿಲೋಗ್ರಾಂ ಇಂಧನವೇ. ಐದು ವೈಜ್ಞಾನಿಕ ಉಪಕರಣಗಳ ಒಟ್ಟು ತೂಕ ಸುಮಾರು 15 ಕಿಲೋಗ್ರಾಂ. ಮಿತವ್ಯಯಕ್ಕೆ ಜಗತ್ತೇ ಮೆಚ್ಚಿದ ಯೋಜನೆಯಲ್ಲಿಯೂ ಮಂಗಳನಲ್ಲಿ ಕೆಲಸಕ್ಕೆ ಬಂದ ತೂಕ ಇಷ್ಟೇ. ಒಂದು ಕುಟುಂಬವು ಅಲ್ಲಿ ಬದುಕಲು ಬೇಕಾದ ಸಾಮಗ್ರಿಯನ್ನು ಇದರೊಡನೆ ಹೋಲಿಸಿದರೆ ಕಲಾಂ ಅವರು ಸಾಗಣೆ ವೆಚ್ಚಕ್ಕೆ ಏಕೆ ಅಷ್ಟು ಒತ್ತು ನೀಡಿದರೆಂಬುದು ಸ್ಪಷ್ಟವಾಗುತ್ತದೆ.

ಆಕ್ಷೇಪಗಳೂ ಸಮಾಧಾನವೂ

ಮಂಗಳನಲ್ಲಿ ನೆಲೆ ಎಂಬ ವಿಚಾರಕ್ಕೆ ಎರಡು ಮುಖ್ಯ ಆಕ್ಷೇಪಗಳಿವೆ. ಮೊದಲನೆಯದು ವೆಚ್ಚಕ್ಕೆ ಸಂಬಂಧಿಸಿದ್ದು. ಬಡವರ ಹಣವನ್ನು ಆಕಾಶಕ್ಕೆ ಚೆಲ್ಲಬಾರದೆಂಬ ಮಾತಿನಲ್ಲಿ ನ್ಯಾಯವಿದೆ. ಹೀಗಿರುವುದರಿಂದಲೇ ಪ್ರತಿಯೊಂದು ಹೆಜ್ಜೆಯೂ ನೆಲದ ಮೇಲಿನವರಿಗೆ ಏನನ್ನಾದರೂ ನೀಡಬೇಕೆಂಬ ಷರತ್ತು ಕಲಾಂ ಅವರ ಯೋಜನೆಯಲ್ಲಿ ಅಡಗಿದೆ. ಸಾಗಣೆಯನ್ನು ಅಗ್ಗಗೊಳಿಸುವ ವಾಹನವು ಮಂಗಳಕ್ಕೆ ದಾರಿ ತೆರೆಯುವ ಮೊದಲೇ ಅಂತರಿಕ್ಷದ ಸೌರವಿದ್ಯುತ್ತಿಗೆ ದಾರಿ ಮಾಡಬೇಕು. ಆ ವಿದ್ಯುತ್ತಿನಿಂದ ಸಮುದ್ರದ ನೀರನ್ನು ಸಿಹಿನೀರಾಗಿಸಲು ಸಾಧ್ಯವಾಗಬೇಕು ಎಂಬುದು ಅವರ ವಾದ. ಕೊಳಕು ನೀರನ್ನು ಮತ್ತೆ ಶುದ್ಧಗೊಳಿಸುವುದು, ಇಂಗಾಲದ ಡೈ ಆಕ್ಸೈಡನ್ನು ಉಪಯುಕ್ತ ವಸ್ತುವಾಗಿಸುವುದು, ಅಲ್ಪ ನೀರಿನಲ್ಲಿ ಬೆಳೆ ತೆಗೆಯುವುದು ಇವೆಲ್ಲವೂ ಮಂಗಳನ ನೆಲೆಗೆ ಎಷ್ಟು ಅವಶ್ಯಕವೋ ಬಯಲುಸೀಮೆಯ ಹಳ್ಳಿಗೂ ಅಷ್ಟೇ ಅವಶ್ಯಕ.

ಎರಡನೆಯ ಆಕ್ಷೇಪ ನೈತಿಕವಾದುದು. ಇನ್ನೊಂದು ನೆಲೆ ಉಂಟೆಂಬ ಭರವಸೆಯಿಂದ ಮಾನವನು ಇರುವ ಭೂಮಿಯನ್ನು ಕಡೆಗಣಿಸಿಯಾನೆಂಬ ಭಯವದು. ಮಂಗಳನ ಪರಿಸರವನ್ನು ಅರಿತವರಿಗೆ ಈ ಭಯ ನಿಲ್ಲುವುದಿಲ್ಲ. ಒಂದು ಗುಟುಕು ಗಾಳಿಗೂ ಯಂತ್ರವನ್ನು ನಡೆಸಬೇಕಾದ ಸ್ಥಳವು, ಗಾಳಿಯೂ ನೀರೂ ತಾನಾಗಿ ದೊರೆಯುವ ಭೂಮಿಯ ಬೆಲೆಯನ್ನು ಇನ್ನಷ್ಟು ಮನಗಾಣಿಸುತ್ತದೆ. ಎಷ್ಟೇ ಜನ ಅಲ್ಲಿಗೆ ಹೋದರೂ ಮಾನವಕುಲದ ಬಹುಪಾಲು ಇಲ್ಲಿಯೇ ಬದುಕಬೇಕಾಗಿದೆ.

ಕಲಾಂ ಅವರು 2015ರ ಜುಲೈ 27ರಂದು ಶಿಲ್ಲಾಂಗಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಉಪನ್ಯಾಸ ನೀಡುತ್ತಿದ್ದಾಗ ಕುಸಿದು ನಿಧನರಾದರು. ಮಂಗಳನಲ್ಲಿ ನೆಲೆಯನ್ನು ಪ್ರತಿಪಾದಿಸಿದ ಈ ಇಂಜಿನಿಯರ್ ಅಂದು ಎತ್ತಿಕೊಂಡಿದ್ದ ವಿಷಯ ಭೂಗ್ರಹವನ್ನು ವಾಸಯೋಗ್ಯವಾಗಿಸುವುದನ್ನು ಕುರಿತದ್ದಾಗಿತ್ತು. ಇವೆರಡರಲ್ಲಿ ವಿರೋಧವಿಲ್ಲ. ಗಾಳಿ, ನೀರು, ಶಕ್ತಿ ಇವುಗಳನ್ನು ಮಿತವಾಗಿ ಬಳಸಿ, ಬಳಸಿದ್ದನ್ನು ಮತ್ತೆ ಬಳಕೆಗೆ ತರುವ ವಿದ್ಯೆಯನ್ನು ಇಲ್ಲಿ ಕಲಿತವರು ಮಾತ್ರ ಅಲ್ಲಿಯೂ ಬದುಕಬಲ್ಲರು. ಆ ಕಲಿಕೆಯನ್ನು ನಮ್ಮ ಶಾಲೆ, ಪ್ರಯೋಗಾಲಯ, ಹೊಲಗಳಲ್ಲಿ ಇಂದಿನಿಂದಲೇ ಆರಂಭಿಸಬಹುದಾಗಿದೆ.